ಮೇಲುಗೈ ಎಂಬುದರ ಅರ್ಥ: ಮನುಷ್ಯರಲ್ಲಿ, ಪ್ರಾಣಿಗಳಲ್ಲಿ

(ಮಾರ್ಕೋನಹಳ್ಳಿ ಜಲಾಶಯದ ಬಳಿ ಸೇರಿದ್ದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಈ ಜಲಾಶಯಕ್ಕೆ ನೀರು ತರುವ ಶಿಂಷಾ ನದಿ ಹುಟ್ಟುವುದು ದೇವರಾಯನದುರ್ಗದ ಬೆಟ್ಟಗಳಲ್ಲಿ. ಆ ಬೆಟ್ಟ ಹತ್ತಿದವರೆಲ್ಲರೂ ಅಲ್ಲಿಯ ಕೋತಿಗಳನ್ನು ಕಂಡಿದ್ದಾರೆ. ಭಕ್ತರೊಬ್ಬರು ಒಂದು ಬೊಗಸೆ ಕಡಲೆಕಾಯಿಯನ್ನು ಮೆಟ್ಟಿಲ ಮೇಲೆ ಒಂದೇ ಕಡೆ ಸುರಿದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದಾರೆ. ದಢೂತಿ ಗಂಡು ಕೋತಿಯೊಂದು ರಾಶಿಯ ಮುಂದೆ ಬಂದು ಕೂರುತ್ತದೆ. ಉಳಿದವು ನಾಲ್ಕು ಮಾರು ದೂರದಲ್ಲಿ ನಿಂತು ಎತ್ತಲೋ ನೋಡುವವರಂತೆ ನಟಿಸುತ್ತವೆ. ಧೈರ್ಯ ಮಾಡಿ ಕೈ ಚಾಚಿದ ಮರಿಗೆ ಹಲ್ಲು ಕಿರಿದ ಮುಖದ ದರ್ಶನವಾಗುತ್ತದೆ. ನೋಡಿದವರು "ಅದು ಈ ಗುಂಪಿನ ರಾಜ" ಎಂದು ತೀರ್ಮಾನಿಸಿ ಮುಂದೆ ಹೋಗುತ್ತಾರೆ.

ಅದೇ ದಿನ ಇನ್ನೊಬ್ಬರು ಅದೇ ಕಡಲೆಕಾಯಿಯನ್ನು ಮೆಟ್ಟಿಲುದ್ದಕ್ಕೂ ಚೆಲ್ಲುತ್ತಾ ಹತ್ತಿದರೆ ದೃಶ್ಯವೇ ಬೇರೆ. ಮರಿ ಹೊತ್ತ ತಾಯಿಯೂ ಮುದಿ ಹೆಣ್ಣೂ ಎಳೆಯ ಗಂಡೂ ತಮ್ಮ ತಮ್ಮ ಪಾಡಿಗೆ ಆರಿಸಿಕೊಂಡು ತಿನ್ನುತ್ತವೆ. ರಾಜನೂ ತಿನ್ನುತ್ತಾನೆ, ಆದರೆ ಅವನು ರಾಜನೆಂದು ಗುರುತಿಸುವುದು ಸುಲಭವಲ್ಲ. ಗುಂಪು ಅದೇ, ಹಸಿವೆ ಅದೇ, ಕಡಲೆಕಾಯಿಯೂ ಅಷ್ಟೇ. ಹಾಗಾದರೆ ಕೋತಿಯ ಸ್ವಭಾವ ಯಾವುದು? ಮೊದಲನೆಯದೋ ಎರಡನೆಯದೋ?

ಇಂದಿನ ಮಾತು ನಿಂತಿರುವುದು ಈ ಪ್ರಶ್ನೆಯ ಮೇಲೆ. ಬಲಿಷ್ಠನು ದುರ್ಬಲನನ್ನು ಅದುಮುವುದು ಪ್ರಕೃತಿಯ ನಿಯಮ, ಕಾಡಿನಲ್ಲಿ ನಡೆಯುವುದೇ ಊರಿನಲ್ಲೂ ನಡೆಯುತ್ತದೆ ಎಂಬ ವಾದವನ್ನು ಎಲ್ಲರೂ ಕೇಳಿದ್ದಾರೆ. ಜಮೀನಿನ ತಂಟೆಯಲ್ಲಿ, ನೀರಿನ ಸರದಿಯಲ್ಲಿ, ಹೆಣ್ಣುಮಕ್ಕಳ ಓದಿನ ಮಾತು ಬಂದಾಗ ಈ ವಾದ ತಲೆಯೆತ್ತುತ್ತದೆ. ಇದನ್ನು ಹೇಳುವವರು ಕಾಡನ್ನು ನೋಡಿ ಹೇಳುತ್ತಾರೆಯೇ ಎಂಬುದನ್ನು ಪರೀಕ್ಷಿಸಬೇಕಾಗಿದೆ.

ಮೊದಲು ಪದದ ವಿಚಾರ. ಪಠ್ಯಪುಸ್ತಕಗಳು ಇದಕ್ಕೆ 'ಪ್ರಾಬಲ್ಯ' ಎಂಬ ಒಂದೇ ಮಾತನ್ನು ಬಳಸುತ್ತವೆ. ಹಳ್ಳಿಯ ಕನ್ನಡ ಅಷ್ಟು ಬಡವಾಗಿಲ್ಲ. ಇಬ್ಬರ ಸ್ಪರ್ಧೆಯಲ್ಲಿ ಗೆದ್ದವನದು ಮೇಲುಗೈ. ಅದು ನಾಳೆ ಬದಲಾಗಬಹುದು. ಮನೆಯ ಹೊರೆ ಹೊತ್ತವನದು ಯಜಮಾನಿಕೆ. ಅದರಲ್ಲಿ ಅಧಿಕಾರದೊಡನೆ ಹೊಣೆಯೂ ಇದೆ. ವಯಸ್ಸು ಮತ್ತು ಅನುಭವಕ್ಕೆ ಸಲ್ಲುವುದು ಹಿರಿತನ. ಅದನ್ನು ಇತರರು ಕೊಡಬೇಕೇ ಹೊರತು ಕಿತ್ತುಕೊಳ್ಳಲಾಗದು. ದರ್ಪ ಎಂದರೆ ತೋರಿಕೆ. ದಬ್ಬಾಳಿಕೆಯಂತೂ ಹೆಸರಿನಲ್ಲೇ ದಬ್ಬುವುದನ್ನು ಇಟ್ಟುಕೊಂಡಿದೆ. ಈ ಐದನ್ನೂ ಒಂದೇ ಚೀಲಕ್ಕೆ ತುಂಬಿ 'ಪ್ರಾಬಲ್ಯ' ಎಂದು ಬಾಯಿ ಕಟ್ಟಿದಾಗ, ದಬ್ಬಾಳಿಕೆಯು ಹಿರಿತನದ ಮರ್ಯಾದೆಯನ್ನು ಪಡೆದುಕೊಂಡುಬಿಡುತ್ತದೆ.

ಪ್ರಾಣಿಗಳ ಮೇಲುಗೈಯನ್ನು ಶಾಸ್ತ್ರೀಯವಾಗಿ ಮೊದಲು ಬರೆದಿಟ್ಟವನು ನಾರ್ವೆ ದೇಶದ ಥಾರ್ಲೀಫ್ ಷೆಲ್ಡೆರುಪ್-ಎಬ್ಬೆ. ಅವನು ನೋಡಿದ್ದು ಸಿಂಹವನ್ನಲ್ಲ, ಮನೆಯಂಗಳದ ಕೋಳಿಗಳನ್ನು. ಬಾಲ್ಯದಿಂದಲೇ ಕೋಳಿಗಳ ಬೆನ್ನು ಹತ್ತಿದ್ದ ಆತ, ಯಾವ ಹೇಂಟೆ ಯಾವುದನ್ನು ಕುಕ್ಕುತ್ತದೆ ಎಂದು ಗುರುತು ಹಾಕಿಕೊಂಡು 1921ರಲ್ಲಿ ತನ್ನ ಪ್ರಬಂಧವನ್ನು ಸಿದ್ಧಪಡಿಸಿದ. ಅವನು ಕಂಡುಕೊಂಡ 'ಕುಕ್ಕುವ ಸರದಿ' ಇಂದಿಗೂ ಶಾಸ್ತ್ರದ ಮೊದಲ ಪಾಠ. ಅದರಲ್ಲಿ ಎರಡು ಸಂಗತಿಗಳನ್ನು ಜನ ಮರೆಯುತ್ತಾರೆ. ಒಂದು, ಮೇಲುಗೈ ಎಂಬುದು ಒಂದು ಕೋಳಿಯ ಗುಣವಲ್ಲ, ಎರಡು ಕೋಳಿಗಳ ನಡುವಿನ ಸಂಬಂಧ. ಮೊದಲನೆಯದು ಎರಡನೆಯದನ್ನೂ ಎರಡನೆಯದು ಮೂರನೆಯದನ್ನೂ ಕುಕ್ಕುತ್ತಿರುವಾಗಲೇ, ಮೂರನೆಯದು ಮೊದಲನೆಯದನ್ನು ಕುಕ್ಕುವ ಸಂದರ್ಭಗಳನ್ನೂ ಅವನು ಗುರುತಿಸಿದ್ದ. ಎರಡನೆಯದು, ಸರದಿ ಒಮ್ಮೆ ನಿಂತಮೇಲೆ ಜಗಳ ಕಡಿಮೆಯಾಗುತ್ತದೆ. ಹೊಸ ಹೇಂಟೆ ಬಂದಾಗ ಮತ್ತೆ ರಕ್ತ ಬರುವಂತೆ ಕುಕ್ಕಾಟ. ಕೋಳಿ ಸಾಕಿದ ನಮ್ಮ ತಾಯಂದಿರು ಹೊಸ ಕೋಳಿಯನ್ನು ಹಗಲಿನಲ್ಲಿ ಬಿಡದೆ ಕತ್ತಲಾದ ಮೇಲೆ ಗೂಡಿಗೆ ಸೇರಿಸುವುದು ಇದೇ ತಿಳಿವಳಿಕೆಯಿಂದ. ಅವರಿಗೆ ಯಾವ ಪದವಿಯೂ ದೊರೆಯಲಿಲ್ಲ.

ಕೋಳಿಯಿಂದ ತೋಳಕ್ಕೆ ಬರುವಾಗ ಒಂದು ದೊಡ್ಡ ತಪ್ಪು ನಡೆಯಿತು. ತೋಳ ಈ ಜಿಲ್ಲೆಗೆ ಅಪರಿಚಿತ ಪ್ರಾಣಿಯಲ್ಲ. ಶಿರಾ, ಪಾವಗಡದ ಕುರಿಗಾಹಿಗಳನ್ನು ಕೇಳಿದರೆ ತಿಳಿಯುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಒಂದು ಲೇಖನ ಬರೆದ. ತೋಳಗಳು ಸದಾ ಮೇಲುಸ್ಥಾನಕ್ಕಾಗಿ ಹೋರಾಡುತ್ತವೆ, ಗೆದ್ದದ್ದು 'ಆಲ್ಫಾ' ಎಂಬ ಚಿತ್ರ ಅಲ್ಲಿಂದ ಹೊರಟಿತು. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ ಅದು ಲೋಕಪ್ರಸಿದ್ಧವಾಯಿತು. ಮುಂದೆ ಅದೇ ಮೆಕ್ ಕೆನಡಾದ ಉತ್ತರದಂಚಿನ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆ ಬೇಸಿಗೆಗೂ ಕುಳಿತು ಬಯಲಿನ ತೋಳಗಳನ್ನು ನೋಡಿದರು. ಅಲ್ಲಿ ಕಂಡದ್ದು ಸೈನ್ಯವಲ್ಲ, ಸಂಸಾರ. ತಂದೆ, ತಾಯಿ, ಅವುಗಳ ಹಿಂದಿನ ಒಂದೆರಡು ವರ್ಷಗಳ ಮಕ್ಕಳು. 'ಆಲ್ಫಾ' ಎಂದು ಕರೆಸಿಕೊಂಡದ್ದು ಬರಿಯ ಅಪ್ಪ ಅಮ್ಮ. 1999ರಲ್ಲಿ ಅವರು ಹಾಗೆಂದೇ ಬರೆದು ತಮ್ಮ ಹಳೆಯ ಮಾತನ್ನು ತಿದ್ದಿಕೊಂಡರು. ಹಳೆಯ ಪುಸ್ತಕವನ್ನು ಮತ್ತೆ ಮುದ್ರಿಸಬೇಡಿ ಎಂದು ಪ್ರಕಾಶಕರನ್ನು ಕೇಳಿಕೊಂಡರು. ತನ್ನ ತಪ್ಪನ್ನು ತಾನೇ ಹುಡುಕಿ ಹೇಳಿದ ವಿಜ್ಞಾನಿಯ ಮಾತು ಹರಡಲಿಲ್ಲ, ತಪ್ಪು ಮಾತ್ರ ಹರಡಿತು. ಇಂದು ಮೊಬೈಲಿನಲ್ಲಿ ಹುಡುಗರಿಗೆ 'ಆಲ್ಫಾ ಗಂಡಸು' ಆಗುವ ಬಗೆಯನ್ನು ಬೋಧಿಸುವವರು ಹೇಳುತ್ತಿರುವುದು, ಪರಸ್ಪರ ಅಪರಿಚಿತವಾದ ಪ್ರಾಣಿಗಳನ್ನು ಬೇಲಿಯೊಳಗೆ ತುಂಬಿದಾಗ ನಡೆದ ಕಥೆಯನ್ನು.

ಹಾಗೆಂದು ಕಾಡೆಲ್ಲ ತಪೋವನವೆಂದು ಬಗೆಯುವುದೂ ಸರಿಯಲ್ಲ. ಪರಿಸರದ ಬಗ್ಗೆ ಬರೆಯುವವರಲ್ಲಿ ಈ ದೌರ್ಬಲ್ಯ ಉಂಟು. ಅದಕ್ಕೆ ಉತ್ತರ ಕರ್ನಾಟಕದಲ್ಲೇ ಇದೆ. ಜಪಾನಿನ ಯುಕಿಮಾರು ಸುಗಿಯಾಮ 1960ರ ದಶಕದ ಆರಂಭದಲ್ಲಿ ಧಾರವಾಡದ ಬಳಿಯ ಕಾಡಿನಲ್ಲಿ ಮುಸುವಗಳನ್ನು ಅಭ್ಯಸಿಸಿದರು. ಹಲವು ಹೆಣ್ಣುಗಳೊಡನೆ ಒಂದು ಗಂಡು ಇರುವ ಗುಂಪಿನ ಮೇಲೆ ಹೊರಗಿನ ಗಂಡುಗಳು ಎರಗಿ, ಹಳೆಯ ಗಂಡನ್ನು ಓಡಿಸಿ, ಕೊನೆಗೆ ಅವುಗಳಲ್ಲೊಂದು ಗುಂಪನ್ನು ವಶಪಡಿಸಿಕೊಂಡದ್ದನ್ನು ಅವರು ಕಂಡರು. ಆ ಬಳಿಕ ಹಾಲುಗೂಸುಗಳು ಕಚ್ಚಿಸಿಕೊಂಡು ಸತ್ತವು. 1965ರಲ್ಲಿ ಪ್ರಕಟವಾದ ಈ ವರದಿಯನ್ನು ಬಹುಕಾಲ ಯಾರೂ ಒಪ್ಪಲು ಸಿದ್ಧರಿರಲಿಲ್ಲ. ಮುಸುವಗಳು ಶಾಂತಜೀವಿಗಳೆಂದು ಅದೇ ಕಾಲದ ಇತರ ಅಧ್ಯಯನಗಳು ಹೇಳಿದ್ದವು. ಧಾರವಾಡದ ಗುಂಪುಗಳು ದಟ್ಟಣೆಯಿಂದ ಕಂಗೆಟ್ಟಿರಬೇಕು ಎಂದು ಹಲವರು ಸಮಾಧಾನ ಹೇಳಿಕೊಂಡರು. ಸಾರಾ ಹರ್ಡಿ ಎಂಬ ವಿದುಷಿ ರಾಜಸ್ಥಾನದ ಅಬು ಪರ್ವತದಲ್ಲಿ ನಡೆಸಿದ ಅಧ್ಯಯನವನ್ನು 1977ರಲ್ಲಿ ಪುಸ್ತಕವಾಗಿ ತಂದಾಗ ಬೇರೊಂದು ವಿವರಣೆ ದೊರೆಯಿತು. ಮರಿ ಸತ್ತರೆ ತಾಯಿ ಬೇಗ ಬೆದೆಗೆ ಬರುತ್ತದೆ. ಹೊಸ ಗಂಡಿಗೆ ಸಿಗುವ ಕಾಲಾವಕಾಶ ಕಡಿಮೆ. ಆದ್ದರಿಂದ ಈ ಕ್ರೌರ್ಯದಿಂದ ಅದರ ಸಂತಾನಕ್ಕೆ ಲಾಭ. ಕಟುವಾದ ವಿವರಣೆ. ಆದರೆ ಹರ್ಡಿಯವರು ಅಲ್ಲಿಗೇ ನಿಲ್ಲಲಿಲ್ಲ. ಹೆಣ್ಣುಗಳು ಸುಮ್ಮನೆ ಸಹಿಸುತ್ತವೆಯೇ ಎಂದು ನೋಡಿದರು. ಮುದಿ ಹೆಣ್ಣುಗಳು ಮರಿಯ ರಕ್ಷಣೆಗೆ ಗಂಡಿನ ಮೇಲೆ ಬೀಳುತ್ತಿದ್ದವು. ಕೆಲವು ಹೆಣ್ಣುಗಳು ಹೊರಗಿನ ಗಂಡುಗಳೊಡನೆಯೂ ಕೂಡಿ, ಮರಿ ಯಾರದೆಂಬುದೇ ತಿಳಿಯದಂತೆ ಮಾಡುತ್ತಿದ್ದವು. ಅಂದರೆ ಗೆದ್ದ ಗಂಡಿನ ಕಥೆಯನ್ನಷ್ಟೇ ಬರೆದುಕೊಂಡವರು ಅರ್ಧ ಪುಸ್ತಕವನ್ನು ಮಾತ್ರ ಓದಿದ್ದರು.

ದೇವರಾಯನದುರ್ಗದ ಮೆಟ್ಟಿಲಿನ ಕೋತಿ ಮುಸುವವಲ್ಲ. ತಲೆಯ ಮೇಲೆ ಟೋಪಿಯಂತೆ ಕೂದಲು ಹರಡಿಕೊಂಡ, ದಕ್ಷಿಣ ಭಾರತಕ್ಕೇ ಸೀಮಿತವಾದ ಜಾತಿ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಇದನ್ನು ದೀರ್ಘಕಾಲ ಅಭ್ಯಸಿಸಿದ್ದಾರೆ. ಈ ಜಾತಿಯಲ್ಲಿ ಹೆಣ್ಣು ಹುಟ್ಟಿದ ಗುಂಪಿನಲ್ಲೇ ಬಾಳುತ್ತದೆ, ಗಂಡು ದೊಡ್ಡದಾದ ಮೇಲೆ ಬೇರೆ ಗುಂಪಿಗೆ ಹೋಗುತ್ತದೆ. ಆದ್ದರಿಂದ ಗುಂಪಿನ ಬೆನ್ನೆಲುಬು ಹೆಣ್ಣುಗಳದು. ಸಿನ್ಹಾ 1998ರಲ್ಲಿ ಪ್ರಕಟಿಸಿದ ಒಂದು ಅವಲೋಕನ ಬಹಳ ಚೆಂದದ್ದು. ಎರಡು ಹೆಣ್ಣುಗಳು ಪರಸ್ಪರ ಹೇನು ಹೆಕ್ಕುತ್ತಾ ಕುಳಿತಿವೆ. ಅವೆರಡಕ್ಕಿಂತ ಮೇಲಿನ ಸ್ಥಾನದ ಮೂರನೆಯದು ಬರುತ್ತದೆ. ಸಾಮಾನ್ಯವಾಗಿ ಎದ್ದುಹೋಗುವುದು ಆ ಇಬ್ಬರಲ್ಲಿ ಕೆಳಗಿನದು. ಎದ್ದುಹೋಗಬೇಕಾದರೆ ಅದಕ್ಕೆ ಬಂದವಳ ಸ್ಥಾನ ತಿಳಿದಿದ್ದರೆ ಸಾಲದು, ಪಕ್ಕದಲ್ಲಿ ಕುಳಿತವಳ ಸ್ಥಾನವೂ ತನ್ನ ಸ್ಥಾನವೂ ಲೆಕ್ಕಕ್ಕೆ ಸಿಗಬೇಕು. ಮದುವೆ ಮನೆಯ ಮೊದಲ ಪಂಕ್ತಿಯಲ್ಲಿ ಯಾರು ಬಂದರೆ ಯಾರು ಏಳಬೇಕೆಂದು ಕ್ಷಣಾರ್ಧದಲ್ಲಿ ತಿಳಿಯುವ ನಮ್ಮ ಜಾಣತನವನ್ನು ಇದರೊಡನೆ ಹೋಲಿಸಿದರೆ ಕೋತಿಗೆ ಅವಮಾನವೇನೂ ಆಗದು.

ಬಂಡೀಪುರ-ಮುದುಮಲೈ ಹೆದ್ದಾರಿಯ ಅಂಚಿನಲ್ಲಿ ಇದೇ ಜಾತಿಯ ಕೆಲವು ಗುಂಪುಗಳು ಚಿಕ್ಕವಾಗಿ, ಒಂದೇ ಗಂಡಿನ ಗುಂಪುಗಳಾಗಿ ಮಾರ್ಪಟ್ಟಿರುವುದನ್ನು ಸಿನ್ಹಾ ಮತ್ತು ಅವರ ಸಹೋದ್ಯೋಗಿಗಳು 2005ರಲ್ಲಿ ವರದಿ ಮಾಡಿದರು. ಸಾಮಾನ್ಯವಾಗಿ ಹಲವು ಗಂಡುಗಳು ಒಟ್ಟಿಗೆ ಬಾಳುವ ಜಾತಿ ಇದು. ಪ್ರವಾಸಿಗರು ಎಸೆಯುವ ಆಹಾರ ಒಂದೆಡೆ ಸಿಗತೊಡಗಿದಾಗ, ಅದನ್ನೂ ಹೆಣ್ಣುಗಳನ್ನೂ ಒಬ್ಬನೇ ಕಾಯಲು ಸಾಧ್ಯವಾಗುವಂತಹ ಗುಂಪುಗಳು ಉಂಟಾದವು. ಬಿಸ್ಕತ್ತಿನ ಪೊಟ್ಟಣ ಎಸೆದವರು ಕೋತಿಯ ಸಮಾಜವ್ಯವಸ್ಥೆಯನ್ನೇ ತಿರುಗಿಸುವುದರಲ್ಲಿ ಭಾಗಿಗಳಾಗಿದ್ದರೆಂದು ಅವರಿಗೆ ಗೊತ್ತಿರಲಿಲ್ಲ. ಮಲೆನಾಡಿನ ತೋಟಗಳಿಂದ ಕೋತಿ ಹಿಡಿದು ದೂರದ ಕಾಡಿನಲ್ಲಿ ಬಿಡುವ ಪದ್ಧತಿಯನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಬಲೆಗೆ ಬಿದ್ದವನ್ನು ಮಾತ್ರ ಸಾಗಿಸಿದಾಗ ಗುಂಪು ಒಡೆಯುತ್ತದೆ. ಬಿಟ್ಟ ಜಾಗದ ಗುಂಪುಗಳೊಡನೆ ಹೊಸ ಕೋಳಿಯ ಕಥೆ ಮತ್ತೆ ಮೊದಲಾಗುತ್ತದೆ. ಖಾಲಿಯಾದ ತೋಟಕ್ಕೆ ಪಕ್ಕದ ಗುಂಪು ಬರುತ್ತದೆ. ಅಡಿಕೆ, ಬಾಳೆ, ಏಲಕ್ಕಿ ಕಳೆದುಕೊಂಡ ರೈತನ ಸಂಕಟ ನಿಜ. ಆ ಸಂಕಟಕ್ಕೆ ಇದು ಮದ್ದಲ್ಲ.

ಗಂಡು ಮೇಲು, ಹೆಣ್ಣು ಕೀಳು ಎಂಬುದು ವಾನರಕುಲದಿಂದಲೇ ಬಂದದ್ದೆಂದು ಹೇಳುವವರಿಗಾಗಿ ಒಂದು ಲೆಕ್ಕ. ವಾನರಕುಲದ 121 ಜಾತಿಗಳ 253 ಸಮುದಾಯಗಳ ಮಾಹಿತಿಯನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಗೆಲುವು ಸೋಲಿನ ಎಣಿಕೆ ದೊರೆತ ಸಮುದಾಯಗಳಲ್ಲಿ ಗಂಡು ಸ್ಪಷ್ಟವಾಗಿ ಮೇಲುಗೈ ಪಡೆದದ್ದು ನೂರಕ್ಕೆ ಸುಮಾರು 17ರಲ್ಲಿ, ಹೆಣ್ಣು ಸ್ಪಷ್ಟವಾಗಿ ಮೇಲುಗೈ ಪಡೆದದ್ದು ಸುಮಾರು 13ರಲ್ಲಿ. ಮಿಕ್ಕ 70ರಲ್ಲಿ ಇಂದು ನೀನು, ನಾಳೆ ನಾನು. ತುಮಕೂರಿನ ನಾಗವಲ್ಲಿಯ ಕಾಡುಪಾಪವೂ ವಾನರಕುಲದ್ದೇ ಎಂಬುದನ್ನು ಇಲ್ಲಿ ನೆನೆಯಬಹುದು. ರಾತ್ರಿಯೆಲ್ಲ ಕೊಂಬೆಯಿಂದ ಕೊಂಬೆಗೆ ನಿಧಾನವಾಗಿ ಹುಳ ಹುಡುಕುತ್ತಾ ಸಾಗುವ ಆ ಪ್ರಾಣಿಗೆ ರಾಜನಾಗುವ ಪುರುಸೊತ್ತಿದ್ದಂತೆ ಕಾಣುವುದಿಲ್ಲ.

ಮೇಲುಗೈ ಕುರಿತು ಕರ್ನಾಟಕದಲ್ಲಿ ನಡೆದ ಅತ್ಯಂತ ಸೂಕ್ಷ್ಮವಾದ ಅಧ್ಯಯನ ಯಾವುದೆಂದರೆ ಅದು ಮನೆಯ ಸೂರಿನಡಿ ಗೂಡು ಕಟ್ಟುವ ಕಣಜದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು ರೊಪಾಲಿಡಿಯ ಮಾರ್ಜಿನೇಟ ಎಂಬ ಈ ಕಣಜದ ಬೆನ್ನು ಹತ್ತಿ ಹಲವು ದಶಕಗಳನ್ನೇ ಕಳೆದಿದ್ದಾರೆ. 2001ರಲ್ಲಿ ಅದರ ಸಮಾಜಜೀವನದ ಮೇಲೆ ಪುಸ್ತಕವನ್ನೇ ಪ್ರಕಟಿಸಿದ್ದಾರೆ. ಗೂಡಿನಲ್ಲಿ ಮೊಟ್ಟೆಯಿಡುವವಳು ಒಬ್ಬ ರಾಣಿ. ರಾಣಿ ಎಂದರೆ ದರ್ಪದವಳೆಂದು ಹುಡುಕಿದರೆ ಆಕೆ ಸಿಗುವುದಿಲ್ಲ, ಏಕೆಂದರೆ ಗೂಡಿನಲ್ಲಿ ಅತಿ ಸೌಮ್ಯರಾದವರಲ್ಲಿ ಆಕೆಯೂ ಒಬ್ಬಳು. ಕಚ್ಚುವುದು, ಅಟ್ಟುವುದು ನಡೆಯುವುದು ಕೆಲಸಗಾರ್ತಿಯರ ನಡುವೆ. ಯಾರು ಹೆಚ್ಚು ಕಚ್ಚಿಸಿಕೊಳ್ಳುತ್ತಾರೋ ಅವರು ಹೆಚ್ಚಾಗಿ ಆಹಾರ ತರಲು ಹೊರಡುತ್ತಾರೆ. ಗೂಡಿಗೆ ಹಸಿವಾಗಿದೆ ಎಂಬ ಸುದ್ದಿಯನ್ನು ಮುಟ್ಟಿಸುವ ಬಗೆ ಅದು ಎಂಬುದಕ್ಕೆ ಪುರಾವೆಗಳು ದೊರೆತಿವೆ. ಹೊರನೋಟಕ್ಕೆ ದಬ್ಬಾಳಿಕೆಯಂತೆ ಕಾಣುವುದು ಅಲ್ಲಿ ಕೆಲಸದ ಹಂಚಿಕೆ.

ರಾಣಿಯನ್ನು ತೆಗೆದರೆ ಏನಾಗುತ್ತದೆ? ನಿಮಿಷಗಳಲ್ಲಿ ಒಬ್ಬ ಕೆಲಸಗಾರ್ತಿ ಮಹಾ ಉಗ್ರಳಾಗುತ್ತಾಳೆ, ಎಲ್ಲರ ಮೇಲೂ ಏರಿಹೋಗುತ್ತಾಳೆ. ರಾಣಿ ಮರಳಿದರೆ ಮತ್ತೆ ತಣ್ಣಗಾಗುತ್ತಾಳೆ. ಮರಳದಿದ್ದರೆ ಸುಮಾರು ಒಂದು ವಾರದಲ್ಲಿ ಮೊಟ್ಟೆಯಿಡತೊಡಗುತ್ತಾಳೆ. ಆಗ ಉಗ್ರತೆ ಇಳಿದು ಆಕೆಯೂ ಸೌಮ್ಯಳಾದ ಇನ್ನೊಬ್ಬ ರಾಣಿಯೇ ಆಗುತ್ತಾಳೆ. ಮುಂದಿನ ರಾಣಿ ಯಾರೆಂದು ಸಂಶೋಧಕರಿಗೆ ಮೊದಲೇ ಹೇಳಲಾಗುತ್ತಿರಲಿಲ್ಲ. ವಯಸ್ಸಿನಿಂದಲೂ ತಿಳಿಯದು, ಹಿಂದಿನ ಜಗಳಗಂಟಿತನದಿಂದಲೂ ತಿಳಿಯದು. ಗೂಡನ್ನು ಎರಡಾಗಿ ಕತ್ತರಿಸಿ, ನಡುವೆ ತಂತಿಬಲೆ ಇಟ್ಟು, ರಾಣಿಯನ್ನು ಆ ಬದಿ ಈ ಬದಿ ಬದಲಾಯಿಸಿ ನಡೆಸಿದ ಪ್ರಯೋಗದಿಂದ, ಕಣಜಗಳಿಗೆ ಮಾತ್ರ ಉತ್ತರಾಧಿಕಾರಿ ಯಾರೆಂಬುದು ಗೊತ್ತಿರುತ್ತದೆ ಎಂದು ಅನಿಂದಿತಾ ಭದ್ರ ಮತ್ತು ಗದಗಕರ್ 2008ರಲ್ಲಿ ತೋರಿಸಿಕೊಟ್ಟರು. ಇದೇ ಕುಲದ ಇನ್ನೊಂದು ಕಣಜ, ರೊಪಾಲಿಡಿಯ ಸಯಾತಿಫಾರ್ಮಿಸ್, ಇದಕ್ಕೆ ವಿರುದ್ಧ: ಅಲ್ಲಿ ರಾಣಿಯೇ ಜೋರು. ಎರಡೂ ಒಂದೇ ಊರಿನಲ್ಲಿ, ಒಂದೇ ಬಗೆಯ ಸೂರಿನಡಿ ಬಾಳುತ್ತವೆ. ಪ್ರಕೃತಿಯ ನಿಯಮ ಎಂದು ತೋರಿಸಲು ಯಾವ ಕಣಜವನ್ನು ಆರಿಸಿಕೊಳ್ಳಬೇಕು? (ಕನ್ನಡದಲ್ಲಿ ಕಣಜ ಎಂದರೆ ಧಾನ್ಯ ತುಂಬಿಡುವ ಉಗ್ರಾಣವೂ ಹೌದು. ಆ ಕಣಜದ ಮಾತು ಮುಂದೆ ಬರುತ್ತದೆ.)

ಈಗ ಆನೆ. ಈ ಸೀಮೆಯವರಿಗೆ ಆನೆ ಬರಿಯ ಚಿತ್ರಪಟದ ಪ್ರಾಣಿಯಲ್ಲ. ಸಾವನದುರ್ಗದ ಕಡೆಯಿಂದ ಕೆರೆ, ಜಲಾಶಯಗಳ ನೀರಿನ ಆಸರೆ ಹಿಡಿದು ಕುಣಿಗಲ್, ಗುಬ್ಬಿಯ ಕಡೆಗೆ ಆನೆಗಳು ಬಂದಿವೆ. ಬೆಳೆಯೂ ಹೋಗಿದೆ, ಜೀವಗಳೂ ಹೋಗಿವೆ. ಹೀಗೆ ಬರುವವು ಬಹುಪಾಲು ಗಂಡಾನೆಗಳು. ಗಂಡಾನೆ ಒಂಟಿಜೀವಿ ಎಂಬುದು ಹಳೆಯ ನಂಬಿಕೆ. ದಕ್ಷಿಣ ಭಾರತದಲ್ಲಿ 23 ತಿಂಗಳ ಕಾಲ 248 ಗಂಡಾನೆಗಳನ್ನು ಒಂದೊಂದಾಗಿ ಗುರುತಿಸಿ, 1445 ಛಾಯಾಚಿತ್ರ ದಾಖಲೆಗಳ ಆಧಾರದಿಂದ ನಿಶಾಂತ್ ಶ್ರೀನಿವಾಸಯ್ಯ ಮತ್ತು ಸಂಗಡಿಗರು 2019ರಲ್ಲಿ ಬೇರೆಯದನ್ನೇ ಹೇಳಿದರು. ಕಾಡಿನೊಳಗೆ ಗಂಡುಗಳು ಒಂಟಿಯಾಗಿಯೋ ಹೆಣ್ಣುಗಳ ಹಿಂಡಿನೊಡನೆಯೋ ಇರುತ್ತವೆ. ಹೊಲ, ಊರು, ರಸ್ತೆಗಳ ನಡುವಿನ ಅಪಾಯದ ನೆಲಕ್ಕೆ ಬಂದಾಗ ಅವು ಗಂಡುಗಳದೇ ಗುಂಪು ಕಟ್ಟಿಕೊಂಡು, ಆ ಗುಂಪಿನಲ್ಲಿ ಬಹುಕಾಲ ಉಳಿಯುತ್ತವೆ. ವಿಶೇಷವಾಗಿ ಹರೆಯದ ಗಂಡುಗಳು. ಪರಸ್ಪರ ಸ್ಪರ್ಧಿಗಳಾಗಬೇಕಾದವು ಇಲ್ಲಿ ಜೊತೆಗಾರರು.

ಹಿರಿಯ ಗಂಡಾನೆ ಇದ್ದರೆ ಏನು, ಇಲ್ಲದಿದ್ದರೆ ಏನು ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಪಿಲಾನೆಸ್‌ಬರ್ಗ್ ಉದಾಹರಣೆ. ಬೇರೆಡೆ ಹಿರಿಯರನ್ನು ಕೊಂದು ಅನಾಥವಾದ ಮರಿಗಳನ್ನು ಅಲ್ಲಿಗೆ ತಂದು ಬಿಡಲಾಗಿತ್ತು. ಅವು ಬೆಳೆದು, ಅಕಾಲದಲ್ಲಿ ಮದಕ್ಕೆ ಬಂದು, 1992ರಿಂದ 1997ರ ನಡುವೆ 40ಕ್ಕೂ ಹೆಚ್ಚು ಬಿಳಿ ಘೇಂಡಾಮೃಗಗಳನ್ನು ಕೊಂದವು. 1998ರಲ್ಲಿ ಆರು ಹಿರಿಯ ಗಂಡಾನೆಗಳನ್ನು ತಂದು ಬಿಟ್ಟ ಮೇಲೆ ಎಳೆಯವುಗಳ ಮದದ ಅವಧಿ ಕುಗ್ಗಿತು, ಕೊಲೆ ನಿಂತಿತು. ಹಿರಿಯರು ಎಳೆಯರನ್ನು ಹಿಡಿದು ಬಡಿಯುತ್ತಾ ಕೂರಲಿಲ್ಲ. ಹಿರಿಯರ ಇರುವಿಕೆಯೇ ಸಾಕಾಯಿತು. ಕನ್ನಡದ 'ಹಿರಿತನ' ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಕಷ್ಟ.

ಕರ್ನಾಟಕದಲ್ಲಿ ಹಿರಿಯ ಗಂಡಾನೆಗೆ 'ಪುಂಡಾನೆ' ಎಂಬ ಹೆಸರು ಕೊಟ್ಟು ಹಿಡಿಯುವುದು ರೂಢಿ. ಹಾಸನದ ಆಲೂರು ಭಾಗದಿಂದ 2014ರ ಸುಮಾರಿಗೆ 20ಕ್ಕೂ ಹೆಚ್ಚು ಆನೆಗಳನ್ನು ಸೆರೆಹಿಡಿದರೂ ಆ ಜಿಲ್ಲೆಯ ಸಂಘರ್ಷ ಮುಗಿಯಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಕಾಡಿನಲ್ಲಿ ಇಂತಹದೇ ಕಾರ್ಯಾಚರಣೆಗೆ ಕರೆದೊಯ್ದಿದ್ದ ಅರ್ಜುನ ಸತ್ತ. ಮೈಸೂರು ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತವನು, ವಯಸ್ಸು ಅರವತ್ತು ದಾಟಿತ್ತು. ಎದುರಿಗೆ ಮದವೇರಿದ್ದ ಕಾಡಾನೆ. ಮದದಲ್ಲಿರುವ ಗಂಡಿಗೆ, ತನಗಿಂತ ದೊಡ್ಡದಾದರೂ ಮದವಿಲ್ಲದ ಆನೆ ದಾರಿ ಬಿಟ್ಟುಕೊಡುವುದು ಆನೆಗಳ ನಡುವಿನ ಕಟ್ಟಳೆ. ಹಾಗೆ ಸರಿದು ನಿಂತರೆ ಜೀವ ಉಳಿಯುತ್ತದೆ. ಸರಿದು ನಿಲ್ಲುವ ಆ ಸ್ವಾತಂತ್ರ್ಯ ಮಾವುತರ ಅಂಕುಶದಡಿ ದುಡಿಯುವ ಆನೆಗೆ ಇಲ್ಲ. ಪ್ರಾಣಿಗಳ ಮೇಲುಗೈಯಲ್ಲಿ ಸೋತವನಿಗೆ ಹಿಂದೆ ಸರಿಯುವ ದಾರಿ ಸಾಮಾನ್ಯವಾಗಿ ತೆರೆದಿರುತ್ತದೆ. ಆ ದಾರಿಯನ್ನು ಮುಚ್ಚಿದವನು ಮನುಷ್ಯ. ಬಾಸೆಲ್‌ನ ಬೇಲಿಯೊಳಗಿನ ತೋಳಗಳಿಗೂ ಆಗಿದ್ದು ಇದೇ.

ಮನುಷ್ಯರ ಕಡೆ ಬಂದರೆ, ಇಲ್ಲಿಯೂ ಕರ್ನಾಟಕದ ಹಳ್ಳಿಯೊಂದು ಜಗತ್ತಿಗೆ ಪಾಠವಾಗಿದೆ. ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ, ಅದಕ್ಕೆ ರಾಮಪುರವೆಂದು ಹೆಸರಿಟ್ಟು ಬರೆದರು. 'ಪ್ರಬಲ ಜಾತಿ' ಎಂಬ ಪರಿಕಲ್ಪನೆ ಹುಟ್ಟಿದ್ದು ಅಲ್ಲಿ. ಶಾಸ್ತ್ರಗ್ರಂಥಗಳಲ್ಲಿ ಮೇಲಿರುವ ಜಾತಿಯೇ ಊರಿನಲ್ಲೂ ಮೇಲಿರುತ್ತದೆಂಬುದನ್ನು ಅವರು ಒಪ್ಪಲಿಲ್ಲ. ಯಾರ ಬಳಿ ಜಮೀನಿದೆ, ಯಾರ ತಲೆ ಎಣಿಕೆ ಹೆಚ್ಚು, ಯಾರ ಮಾತು ಅಧಿಕಾರಿಗಳಿಗೆ ಮುಟ್ಟುತ್ತದೆ, ಆಮೇಲೆ ಯಾರ ಮಕ್ಕಳು ಓದಿ ನೌಕರಿ ಹಿಡಿದರು ಎಂಬುದನ್ನು ಅವರು ನೋಡಿದರು. ಈ ಪಟ್ಟಿಯಲ್ಲಿ ತೋಳ್ಬಲವು ಒಂಟಿಯಾಗಿ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಬೇಕು. ಊರಿನ ಅತ್ಯಂತ ಗಟ್ಟಿಮುಟ್ಟಾದ ಆಳು ಅನೇಕ ವೇಳೆ ಜೀತಕ್ಕಿದ್ದವನೇ ಆಗಿದ್ದ. ಅವನ ಒಡೆಯ ಹಾಸಿಗೆ ಹಿಡಿದ ಮುದುಕನಾದರೂ ಮೇಲುಗೈ ಒಡೆಯನದೇ.

ಮುದಿಯಾದ ಗಂಡು ಕೋತಿ ಸ್ಥಾನ ಕಳೆದುಕೊಳ್ಳುತ್ತದೆ. ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯ ಬಯಲಿನಲ್ಲಿ ಕಪ್ಪು ಮೈಯ ಕೃಷ್ಣಮೃಗ ತನ್ನ ನೆಲವನ್ನು ಪ್ರತಿದಿನ ಕಾಯಬೇಕು. ಸುಸ್ತಾದ ದಿನ ಅದು ಬೇರೆಯವನದು. ಹೆಣ್ಣು ಕೋತಿಗಳಲ್ಲಿ ತಾಯಿಯ ಸ್ಥಾನ ಮಗಳಿಗೆ ಬರುವುದುಂಟು, ಅದನ್ನು ಮರೆಮಾಚಬೇಕಿಲ್ಲ. ಆದರೆ ಅದೂ ತಾಯಿ, ಅಕ್ಕತಂಗಿಯರು ಪಕ್ಕದಲ್ಲಿ ನಿಂತು ಬೆಂಬಲಿಸುವವರೆಗೆ. ಸತ್ತವನ ಮೇಲುಗೈ ಉಳಿಯುವುದು ಮನುಷ್ಯರಲ್ಲಿ ಮಾತ್ರ. ಪಹಣಿಯಲ್ಲಿ ಉಳಿಯುತ್ತದೆ, ಸಾಲಪತ್ರದಲ್ಲಿ ಉಳಿಯುತ್ತದೆ, ದೇವಸ್ಥಾನದ ಮೊದಲ ಮಂಗಳಾರತಿಯಲ್ಲಿ ಉಳಿಯುತ್ತದೆ. ಧಾನ್ಯದ ಕಣಜ ಕಟ್ಟಿ ಅದಕ್ಕೆ ಬಾಗಿಲಿಟ್ಟು ಬೀಗ ಹಾಕಿದ ದಿನದಿಂದ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದೇ ಪ್ರಶ್ನೆಯಾಯಿತು. ಆ ಸೊಂಟದ ಬಲ ಎಷ್ಟೆಂದು ಯಾರೂ ಕೇಳುವುದಿಲ್ಲ.

ಹಾಗಾದರೆ ಮೆಟ್ಟಿಲ ಮೇಲಿನ ಕಡಲೆಕಾಯಿಯ ರಾಶಿ ಮನುಷ್ಯರಲ್ಲಿ ಯಾವುದು? ಈ ಊರಿನಲ್ಲಿ ಅದು ನೀರು. ತೂಬಿನ ಬಾಯಿಯಲ್ಲಿ ನೀರು ಒಂದೇ ಕಡೆ ರಾಶಿಯಾಗಿದೆ. ಮೇಲಿನ ಗದ್ದೆಯವನು ಯಾರನ್ನೂ ಹೊಡೆಯಬೇಕಿಲ್ಲ, ಬಯ್ಯಬೇಕಿಲ್ಲ. ಸುಮ್ಮನೆ ಮಡೆ ಮುಚ್ಚದೆ ಮಲಗಿದರೆ ಸಾಕು, ಕೊನೆಯ ಗದ್ದೆಯವನ ಪೈರು ಒಣಗುತ್ತದೆ. ಹಳೆಯ ಮೈಸೂರಿನ ಕೆರೆಗಳಲ್ಲಿ ಇದಕ್ಕೆ ಎರಡು ಉಪಾಯಗಳಿದ್ದವು. ಒಂದು ನೀರುಗಂಟಿ. ಗದ್ದೆಯಿಂದ ಗದ್ದೆಗೆ ನೀರು ಹಾಯಿಸುವ ಹಕ್ಕು ಅವನೊಬ್ಬನದು. ಸುಗ್ಗಿಯಲ್ಲಿ ಧಾನ್ಯದ ರೂಪದಲ್ಲಿ ಕೂಲಿ. ಬಹುಕಡೆ ಆತ ದಲಿತ, ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆ ಇಲ್ಲದವನು. ಊರಿನ ಸಾಲಿನಲ್ಲಿ ಕೊನೆಯವನೆನಿಸಿದವನ ಕೈಯಲ್ಲಿ ಊರಿನ ಅತಿ ಬೆಲೆಯುಳ್ಳ ವಸ್ತುವಿನ ಹಂಚಿಕೆ. ಇದನ್ನು ಕೊಂಡಾಡುವಾಗ ಎಚ್ಚರ ಬೇಕು: ಅವನಿಗೆ ನೆಲವಿಲ್ಲದಂತೆ ಮಾಡಿದ್ದೂ ಅದೇ ಊರು. ಇನ್ನೊಂದು ದಾಮಾಷ. ಕೆರೆ ಅರ್ಧವಷ್ಟೇ ತುಂಬಿದ ವರ್ಷ ತೂಬಿನ ಹತ್ತಿರದ ನೆಲವನ್ನಷ್ಟೇ ಬಿತ್ತಿ, ಅದನ್ನು ಅಚ್ಚುಕಟ್ಟಿನ ಎಲ್ಲರಿಗೂ ಅವರವರ ಹಿಡುವಳಿಯ ಪ್ರಮಾಣದಲ್ಲಿ ಆ ವರ್ಷದ ಮಟ್ಟಿಗೆ ಹಂಚುವುದು. ಮೇಲಿನವನು ತನ್ನ ಗದ್ದೆಯಲ್ಲಿ ಕೊನೆಯವನಿಗೆ ಜಾಗ ಬಿಡಬೇಕು. ರಾಶಿಯನ್ನು ಮೆಟ್ಟಿಲುದ್ದಕ್ಕೂ ಚೆಲ್ಲುವ ವಿದ್ಯೆ ಇದು.

ಈಗ ತೂಬು ದೊಡ್ಡದಾಗಿದೆ. ಹೇಮಾವತಿಯ ನೀರು ನಾಲೆಯಲ್ಲಿ ಬರುತ್ತದೆ, ಗುಬ್ಬಿ ಮೇಲೆ, ಕುಣಿಗಲ್ ಕೆಳಗೆ. ತಮ್ಮ ಪಾಲು ಎಂದೂ ಪೂರ್ತಿ ಮುಟ್ಟಿಲ್ಲವೆಂದು ಕುಣಿಗಲ್ಲಿನವರು; ಎಕ್ಸ್‌ಪ್ರೆಸ್ ಕೊಳವೆ ಮಾರ್ಗ ಹಾಕಿದರೆ ನೀರು ತಮ್ಮ ತಲೆಯ ಮೇಲಿಂದಲೇ ಮಾಗಡಿಯ ಕಡೆ ಹೋಗಿಬಿಡುತ್ತದೆಂದು ಗುಬ್ಬಿ, ತುಮಕೂರಿನವರು. 2024 ಮತ್ತು 2025ರಲ್ಲಿ ಇದಕ್ಕಾಗಿ ಸಾವಿರಾರು ರೈತರು ಬೀದಿಗಿಳಿದರು. ಎರಡೂ ಕಡೆಯ ರೈತರ ಭಯ ನಿಜ. ಮೇಲಿನವನೂ ಕೆಟ್ಟವನಲ್ಲ, ಕೆಳಗಿನವನೂ ಕೆಟ್ಟವನಲ್ಲ. ಕೀಲಿ ಇರುವ ಜಾಗ ಮಾತ್ರ ಇಬ್ಬರಿಗೂ ಕಾಣದಷ್ಟು ದೂರಕ್ಕೆ ಹೋಗಿದೆ. ಆ ನಾಲೆಗೆ ನೀರುಗಂಟಿ ಯಾರು ಎಂಬ ಪ್ರಶ್ನೆಯನ್ನು ಎರಡೂ ತಾಲ್ಲೂಕಿನವರು ಒಟ್ಟಿಗೆ ಕುಳಿತು ಇನ್ನೂ ಕೇಳಿಕೊಂಡಂತಿಲ್ಲ.

ಹಿಂದೆ ಕಾಣುವ ಈ ಅಣೆಕಟ್ಟಿನಲ್ಲಿ ಒಂದು ಸೊಗಸಿದೆ. ಮೈಸೂರು ಅರಸರ ಕಾಲದ ಎಂಜಿನಿಯರುಗಳು ಇಲ್ಲಿ ಪ್ರವಾಹದ ನೀರನ್ನು ಹೊರಬಿಡಲು ಸ್ವಯಂಚಾಲಿತ ಸೈಫನ್‌ಗಳನ್ನು ಇಟ್ಟರು. ನೀರು ತುಂಬಿ ಗೊತ್ತಾದ ಮಟ್ಟ ಮೀರಿದಾಗ ಯಾರ ಅಪ್ಪಣೆಯೂ ಇಲ್ಲದೆ, ಯಾರೂ ಗೇಟು ಎತ್ತದೆ, ಹೆಚ್ಚಿನ ನೀರು ತಾನಾಗಿ ಹೊರಗೆ ಧುಮುಕುತ್ತದೆ. ಕಾಲುವೆಯ ಕಡೆಗೆ ಮಾತ್ರ ಗೇಟು ಇದೆ, ಗೇಟಿಗೆ ಕೀಲಿ ಇದೆ.

ವಿದ್ಯಾರ್ಥಿಗಳು ನಾಳೆ ದೇವರಾಯನದುರ್ಗಕ್ಕೆ ಹೋಗುವವರಿದ್ದಾರೆ. ಕಡಲೆಕಾಯಿ ಒಯ್ಯುವುದು ಬೇಡ. ರಾಶಿಯೂ ಬೇಡ, ಚೆಲ್ಲುವುದೂ ಬೇಡ, ಅರಣ್ಯ ಇಲಾಖೆಯೂ ಬೇಡವೆನ್ನುತ್ತದೆ. ಒಂದು ನೋಟುಪುಸ್ತಕ, ಒಂದು ಗಡಿಯಾರ ಸಾಕು. ಇಬ್ಬಿಬ್ಬರಾಗಿ ಕುಳಿತು ಒಂದೇ ಹೆಣ್ಣು ಕೋತಿಯನ್ನು ಅರ್ಧ ಗಂಟೆ ನೋಡಬೇಕು. ಅದು ಯಾರು ಬಂದಾಗ ಜಾಗ ಬಿಟ್ಟಿತು, ಯಾರು ಬಂದಾಗ ಬಿಡಲಿಲ್ಲ, ಯಾರಿಗೆ ಹೇನು ಹೆಕ್ಕಿತು, ಯಾರಿಂದ ಹೆಕ್ಕಿಸಿಕೊಂಡಿತು. ದಢೂತಿ ಗಂಡಿನ ಕಡೆ ಕಣ್ಣು ತಾನಾಗಿ ಹೊರಳುತ್ತದೆ. ಆ ಅರ್ಧ ಗಂಟೆ ಅದನ್ನು ಬಿಟ್ಟು ನೋಡಿ. ಸಂಜೆ ಎಲ್ಲರ ಪುಸ್ತಕಗಳನ್ನೂ ಒಟ್ಟಿಗಿಟ್ಟು ಸಾಲು ಹಚ್ಚಿದಾಗ, ಆ ಗುಂಪಿನ ಯಜಮಾನಿ ಯಾರೆಂಬುದು ಬಹುಶಃ ಹೊರಬೀಳುತ್ತದೆ.